ಉಪ್ಪು, ಇದ್ದಿಲು, ತಾಮ್ರ

ರೇವವ್ವ ನಡುಗೋಡೆಯ ಬಿರುಕಿಗೆ ಕಣ್ಣು ಹಚ್ಚಿ ನಿಂತಿದ್ದಳು. ಆಚೆ ಹಿತ್ತಲಲ್ಲಿ ಭಾವ ಮಡಿವಾಳೆಪ್ಪ ಆಳುದ್ದದ ಕುಣಿ ತೋಡಿ, ಅದರೊಳಗೆ ತಾಮ್ರದ ತಗಡೊಂದನ್ನು ಇಳಿಬಿಡುತ್ತಿದ್ದ. ಮೇಲೆ ಇದ್ದಿಲು ಸುರಿದ. ಇದ್ದಿಲಿನ ಮೇಲೆ ಹರಳುಪ್ಪು. ಮತ್ತೆ ಇದ್ದಿಲು, ಮತ್ತೆ ಉಪ್ಪು. ಮಣ್ಣು ಎಳೆದು ಮುಚ್ಚಿದ ಮೇಲೆ ಅವನ ಹೆಂಡತಿ ನೀಲಕ್ಕ ಕೊಡ ನೀರು ತಂದು ಸುರಿದಳು.

"ದಿನಾ ನೀರ ಹಾಕಬೇಕ ನೋಡು, ತಪ್ಪಿಸಬ್ಯಾಡ," ಎಂದ ಮಡಿವಾಳೆಪ್ಪ. "ಹೊಳಬಸನ ಜೀವ ಇದರಾಗ ಐತಿ."

ರೇವವ್ವ ಬಿರುಕಿನಿಂದ ಥಟ್ಟನೆ ಹಿಂದೆ ಸರಿದಳು. ಹೊಳಬಸಪ್ಪ ಅವಳ ಗಂಡ.

ಒಂದೇ ಗೋಡೆಯ ಆಚೀಚೆ ಇದ್ದರೂ ಎರಡು ಮನೆಗಳ ನಡುವೆ ಮಾತಿರಲಿಲ್ಲ. ತಂಬೂರು ಎಂಬ ಆ ಊರಿನಲ್ಲಿ ತಲೆಮಾರುಗಳಿಂದ ಕಟ್ಟಿಗೆಯ ತೊಟ್ಟಿಲು ಮಾಡಿಕೊಂಡು ಬಂದ ಮನೆತನ ಅದು. ಪಾಲಾದಾಗ ಅಪ್ಪನ ಶೆಡ್ಡು, ಅದರೊಳಗಿನ ಹತಾರಗಳು ಅಣ್ಣನಿಗೆ ಹೋದವು. ತಮ್ಮನಿಗೆ ಹೊಲ ಬಂತು. ಹೊಲದ ಕೆಲಸ ಹೊಳಬಸಪ್ಪನಿಗೆ ಒಗ್ಗಿದ್ದಿಲ್ಲ. ಆದರೂ ಅವನು ತುಟಿ ಬಿಚ್ಚಲಿಲ್ಲ. ಬಿಚ್ಚಿದವಳು ರೇವವ್ವ. "ಇನ್ನ ಆ ಮನಿ ಹೊಸ್ತಲಾ ತುಳದ್ರ ನನ್ನ ಹೆಣಾ ನೋಡ್ತೀರಿ," ಎಂದು ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು.

ಆ ಶೆಡ್ಡಿಗೆ ಕರೆಂಟು ಬಂದ ರೀತಿಯೇ ಅವಳಿಗೆ ಸೇರಿರಲಿಲ್ಲ. ಊರಲ್ಲಿ ಉಳಿದವರೆಲ್ಲ ನೆಟ್ಟ ಬಿದಿರುಗಳ ನೆತ್ತಿಗೆ ವಾಯರು ಸಿಗಿಸಿ ದನದ ಕೊಟ್ಟಿಗೆಯವರೆಗೂ ಎಳೆದುಕೊಂಡಿದ್ದರು. ಮಡಿವಾಳೆಪ್ಪ ಮಾತ್ರ ಕಲಘಟಗಿಯಿಂದ ವಾಯರ್‌ಮನ್ ಇಮಾಮುದ್ದೀನನನ್ನು ಕರೆಸಿದ. ಮನೆಯಿಂದ ಶೆಡ್ಡಿನವರೆಗೆ ಕಾಲುವೆ ತೋಡಿಸಿ, ಕಬ್ಬಿಣದ ಪೈಪಿನಲ್ಲಿ ವಾಯರು ತೂರಿಸಿ, ಮಣ್ಣು ಮುಚ್ಚಿಸಿದ.

"ಕದ್ದ ಮಾಲ ಹುಗಿಯೂದು ಕೇಳೀನಿ," ಎಂದಿದ್ದಳು ರೇವವ್ವ. "ವಾಯರ ಹುಗಿಯೂದು ಎಲ್ಲೀದು?"

ಈಗ ನೋಡಿದರೆ ಈ ಕುಣಿ. ಅದರಿಂದ ಬತ್ತಲೆ ತಾಮ್ರದ ತಂತಿಯೊಂದು ಮೇಲೆದ್ದು ಶೆಡ್ಡಿನ ಗೋಡೆಯೊಳಗೆ ನುಗ್ಗಿತ್ತು. ದಿನಾ ಬೆಳಿಗ್ಗೆ ನೀಲಕ್ಕ ತಪ್ಪದೆ ನೀರು ಹಾಕುತ್ತಿದ್ದಳು. ಅಲ್ಲಿ ಒಂದು ಗಿಡವಿಲ್ಲ, ಬಳ್ಳಿಯಿಲ್ಲ.

ರೇವವ್ವ ಗಂಡನ ಮೇಲೆ ಕಣ್ಣಿಟ್ಟಳು. ಕಟ್ಟಿಕೊಟ್ಟ ಬುತ್ತಿಯನ್ನು ಅವನು ಹೊಲದಿಂದ ಹಾಗೇ ತಿರುಗಿ ತರತೊಡಗಿದ್ದ. ಹಸಿವಿಲ್ಲ ಎನ್ನುತ್ತಿದ್ದ. ಹಾಗಂತ ಮೈಯೇನೂ ಇಳಿದಿರಲಿಲ್ಲ, ಅದನ್ನು ನೋಡಿ ಅವಳಿಗೆ ಇನ್ನಷ್ಟು ದಿಗಿಲು. ಒಣ ಕೆಮ್ಮು ಹತ್ತಿತ್ತು. ನಿದ್ದೆಯಲ್ಲಿ ಎರಡೂ ಕೈ ಮುಂದೆ ಚಾಚಿ, ಏನನ್ನೋ ಬಿಗಿಯಾಗಿ ಹಿಡಿದವನಂತೆ ಮೆಲ್ಲಗೆ ಆಡಿಸುತ್ತಿದ್ದ.

ತಡೆಯಲಾಗದೆ ಒಂದು ದಿನ ಊಟಕ್ಕೆ ಕೂತಾಗ ಹೇಳಿಯೇಬಿಟ್ಟಳು.

"ನಿಮ್ಮ ಅಣ್ಣಾರು ನಿಮಗ ಮಾಟಾ ಮಾಡಿಸ್ಯಾರ್ರಿ. ಶೆಡ್ಡಿನ ಬಾಜುಕ ಕುಣಿ ತಗದು ಹುಗದಾರ. ನಿಮ್ಮ ಹೆಸರ ತಗೊಂಡಿದ್ದ ನಾನ ಕೇಳೀನಿ."

ಹೊಳಬಸಪ್ಪ ಮುರಿದ ರೊಟ್ಟಿಯನ್ನು ತಾಟಿಗೆ ಬಿಟ್ಟ. ಮುಖ ಬಿಳಿಚಿತು.

"ಹೆಸರಾ? ಮತ್ತೇನ ಕೇಳಿದಿ?"

"ಇನ್ನೇನ ಕೇಳಬೇಕ್ರಿ? ಸಾಲದೇನು?"

"ಆ ಕುಣಿ ಸನೇಕ ಹೋಗಬ್ಯಾಡ ನೀ. ಆ ತಂತಿ ಅಂತೂ ಮುಟ್ಟಬ್ಯಾಡ."

ತಂತಿಯ ಮಾತನ್ನು ತಾನು ಎತ್ತಿರಲೇ ಇಲ್ಲ ಎಂಬುದು ರೇವವ್ವನಿಗೆ ಹೊಳೆಯಲಿಲ್ಲ. ಗಂಡ ಹೆದರಿದ್ದಾನೆ ಎಂಬುದೊಂದೇ ಕಂಡಿತು. ಅವನು ಹೆದರಿದರೆ ಹೆದರಲಿ, ಅವನ ಜೀವ ಉಳಿಸಿಕೊಳ್ಳಲು ತಾನಿದ್ದೇನಲ್ಲ ಎಂದುಕೊಂಡಳು.

ಮರುದಿನ ಬೆಳಗಿನಿಂದಲೇ ಕರೆಂಟು ಇರಲಿಲ್ಲ. ಶೆಡ್ಡಿನಲ್ಲಿ ಕಟ್ಟಿಗೆ ಕಡೆಯುವ ಮೋಟರು ಸುಮ್ಮನಿತ್ತು. ತೊಟ್ಟಿಲಿಗೆ ಬಳಿಯುವ ಅರಗು ತರಲೆಂದು ಮಡಿವಾಳೆಪ್ಪ ಕಲಘಟಗಿಯ ಬಸ್ಸು ಹತ್ತಿದ್ದನ್ನು ಅವಳು ಕಣ್ಣಾರೆ ಕಂಡಳು. ಹೊಳಬಸಪ್ಪ ಬುತ್ತಿ ಹಿಡಿದು ಹೊಲದ ದಾರಿ ಹಿಡಿದ. ಆಚೆ ಮನೆಯಿಂದ ನೀಲಕ್ಕ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಇದೇ ಹೊತ್ತೆಂದು ರೇವವ್ವ ಸೀರೆ ಎತ್ತಿ ಕಟ್ಟಿ, ಕುಡುಗೋಲು ಹಿಡಿದು, ಗೋಡೆ ಕುಸಿದ ಕಡೆ ದಾಟಿದಳು. ದೇವರ ಹೆಸರು ಹೇಳಿ ತಂತಿಯನ್ನು ಕೊಚ್ಚಿದಳು. ಅದು ತುಂಡಾಗುವವರೆಗೂ ಕೈ ನಿಲ್ಲಿಸಲಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಮುಚ್ಚಿದ ಶೆಡ್ಡಿನೊಳಗೆ ಮೋಟರು ಗುಂಯ್ ಎಂದು ತಿರುಗತೊಡಗಿತು.

ರೇವವ್ವ ಹೌಹಾರಿ ಶೆಡ್ಡಿನತ್ತ ತಿರುಗಿದಳು.

ಕೊಚ್ಚುವ ಸಪ್ಪಳ ಕೇಳಿ ಹೊರಬಂದ ನೀಲಕ್ಕನ ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು. ನೆಗೆಣ್ಣಿಯನ್ನು ನೋಡಿದಳು, ಕುಡುಗೋಲನ್ನು ನೋಡಿದಳು, ತುಂಡಾದ ತಂತಿಯನ್ನು ನೋಡಿದಳು. ಬೈಯಲಿಲ್ಲ. ಚೀರಿಕೊಂಡು ಮನೆಯೊಳಗೆ ಓಡಿದಳು. ಮೋಟರಿನ ದನಿ ಇಳಿಯುತ್ತ ಇಳಿಯುತ್ತ ನಿಂತಿತು. ಕಿತ್ತ ಫ್ಯೂಜನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ನೀಲಕ್ಕ ನೆಲಕ್ಕೆ ಕುಸಿದಳು.

"ಏನ ಮಾಡಿದಿ ಬೇ ರೇವಿ! ಜೀವಾ ತಗೀತಿದ್ದೆಲ್ಲ!"

"ಜೀವಾ ತಗಿಯಾವ್ರು ನೀವು! ಇಲ್ಲಿ ಮಾಟಾ ಹುಗದಾವ್ರು ಯಾರು?"

"ಮಾಟ ಅಲ್ಲ ಅದು, ಅರ್ತಿಂಗ್!" ನೀಲಕ್ಕ ತುಂಡಾದ ತಂತಿಯತ್ತ ಕೈ ಮಾಡಿದಳು. "ಮೋಟರಿನ ಮೈಗೆ ಕರೆಂಟ ಹತ್ತಿದ್ರ ಈ ತಂತಿ ಹಿಡದು ಭೂಮಿಗೆ ಇಳೀತೈತಿ. ತಂತಿ ಇಲ್ಲಂದ್ರ ಮುಟ್ಟಿದವರ ಮೈಯಾಗ ಇಳೀತೈತಿ. ನೆಲಾ ಹಸಿ ಇರಬೇಕಂತ ದಿನಾ ನೀರ ಹಾಕತೀನಿ. ಹ್ವಾದ ತಿಂಗಳ ಒಮ್ಮೆ ಹೊಡದಿತ್ತು, ಕೈ ಝಾಡಿಸಿ ಬಿದ್ದು ಉಳದ. ಅದಕ್ಕ ಇಷ್ಟೆಲ್ಲಾ ಮಾಡಿಸಿದ್ರು."

ರೇವವ್ವನ ಕುಡುಗೋಲು ಹಿಡಿದ ಕೈ ಕೆಳಗಿಳಿಯಿತು.

"ಭಾವಾರು ಕಲಘಟಗಿಗೆ ಹೋಗ್ಯಾರ," ಎಂದಳು ಮೆಲ್ಲಗೆ. "ಮತ್ತ... ಒಳಗ ಮೋಟರ ಚಾಲೂ ಮಾಡಿದವರು ಯಾರು?"

ನೀಲಕ್ಕ ತಲೆ ತಗ್ಗಿಸಿದಳು.

ಶೆಡ್ಡಿನ ಬಾಗಿಲು ತೆರೆಯಿತು. ಹುಬ್ಬು, ಮೀಸೆಗೆಲ್ಲ ಕಟ್ಟಿಗೆಯ ಪುಡಿ ಮೆತ್ತಿಕೊಂಡು ಹೊರಬಂದ ಹೊಳಬಸಪ್ಪ ಹಿತ್ತಲಲ್ಲಿ ನಿಂತ ಹೆಂಡತಿಯನ್ನು ನೋಡಿ, ಅತ್ತಿಗೆಯ ಕಡೆ ತಿರುಗಿ ಅಂದ: "ವೈನೀ, ಇಕಿಗೆ ಹೇಳಿಬಿಟ್ರ್ಯಾ?"