ಅಡಿ ಹಿಡಿಯದ ಕೋಳಿ

"ಟೀಚರೇ, ನಾನ್ ಮಮ್ಮು ಮಾತಾಡೋದು, ಮೆಲ್ಕಾರಿನ ಕೋಳಿ ಅಂಗಡಿಯಿಂದ. ಒಂದು ದೊಡ್ಡ ತಪ್ಪಾಗಿದೆ. ನಿಮ್ದು ಕೋಳಿ ನಾನ್ ಕೊಯ್ದದ್ದಲ್ಲ. ಹೊಸಬ ಒಬ್ಬ ದೇವರ ಹೆಸ್ರು ಹಿಡಿದು ಬಿಸ್ಮಿ ಹೇಳದೆ ಕೊಯ್ದಿದ್ದಾನೆ. ನಿಮ್ಗೆ ತೊಂದ್ರೆ ಇಲ್ಲ, ತಿನ್ನಿ. ನಮ್ಮವ್ರಿಗೆ ಮಾತ್ರ ಕೊಡ್ಬೇಡಿ, ಆಯ್ತಾ?"

ಇಷ್ಟನ್ನೂ ಹೇಳಿದ್ದು ಮಮ್ಮು ಅಲ್ಲ. ಮೂಡುಬಿದಿರೆಯ ಕಾಲೇಜೊಂದರ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯ ಮೊಬೈಲ್ ಹಿಡಿದು ನಿಂತಿದ್ದ ಲೋಕನಾಥ. ಮಮ್ಮುವಿನ ಕೆಮ್ಮು, ಏದುಸಿರು, ಮಾತಿನ ಕೊನೆಯ ಆ 'ಆಯ್ತಾ', ಒಂದೂ ತಪ್ಪಲಿಲ್ಲ. ಅತ್ತ ಲೋಕನಾಥನ ಹೆಂಡತಿ ರಾಜೀವಿ "ಅಯ್ಯೋ ದೇವರೇ" ಎಂದಳು. ಇತ್ತ ನಾಲ್ವರು ಲೆಕ್ಚರರುಗಳು ಬಾಯಿಗೆ ಕರ್ಚೀಫು ತುರುಕಿಕೊಂಡರು.

ರಾಜೀವಿಗೆ ಈ ಮಂಗಳವಾರದ ಊಟ ಸಣ್ಣ ವಿಷಯವಾಗಿರಲಿಲ್ಲ. ಅವಳ ಜೊತೆ ಒಂದೇ ಶಾಲೆಯಲ್ಲಿ ಎಂಟು ವರ್ಷ ಕಲಿಸಿದ ಶಹಲಾ ಟೀಚರ್ ಇಂದೇ ರಾತ್ರಿಯ ವಿಮಾನಕ್ಕೆ ಗಂಡ, ಮಕ್ಕಳೊಂದಿಗೆ ಶಾರ್ಜಾಕ್ಕೆ ಹೊರಟಿದ್ದಳು, ಅಲ್ಲೇ ನೆಲೆಸಲು. ಎಂಟು ವರ್ಷವೂ ಹಬ್ಬಕ್ಕೆ ರಾಜೀವಿ ಅವಳ ಮನೆಯಲ್ಲಿ ಉಂಡಿದ್ದಾಳೆ. ಶಹಲಾ ಇಲ್ಲಿಗೆ ಬಂದರೆ ಮಾತ್ರ ಶರಬತ್ತು, ಬಾಳೆಹಣ್ಣು, ಅಷ್ಟೇ. ಈ ಸಲ ಕೊನೆಗೂ ಊಟಕ್ಕೆ ಒಪ್ಪಿದ್ದಳು. "ನಿಮ್ಮ ಕೋರಿ ರೊಟ್ಟಿ ಬೇಡ, ನಮ್ಮ ಬಿರಿಯಾನಿಯೂ ಬೇಡ ಟೀಚರ್. ನಮ್ಮಿಬ್ಬರ ಅತ್ತೆಯರಿಗೂ ತಪ್ಪು ಹುಡುಕ್ಲಿಕ್ಕೆ ಗೊತ್ತಿಲ್ಲದ್ದು ಏನಾದ್ರೂ ಮಾಡಿ." ರಾಜೀವಿ ಮೊಬೈಲಿನಲ್ಲಿ ಹುಡುಕುತ್ತಾ ಇಟಲಿಗೇ ಹೋಗಿ ಮುಟ್ಟಿದಳು. ಅರ್ಧ ಗಂಟೆಯ ಸುಲಭ ಕೋಳಿ: ಟೊಮೆಟೊ, ಬೆಳ್ಳುಳ್ಳಿ, ಮೇಲೆ ಚೀಸ್. ಅದರಲ್ಲಿ ಹೇಳಿದ ಬೇಸಿಲ್ ಎಲೆಯ ಜಾಗಕ್ಕೆ ಹಿತ್ತಲಿನ ಕಾಮಕಸ್ತೂರಿ, ವೈನಿನ ಜಾಗಕ್ಕೆ ಬಿಂಬುಳಿಕಾಯಿಯ ಹುಳಿ ರಸ. ಬೆಳಿಗ್ಗೆ ಶಾಲೆಗೆ ಹೋಗುವಾಗಲೇ ಮಮ್ಮುವಿಗೆ ಹೇಳಿದ್ದಳು, "ಶಹಲಾ ಟೀಚರಿಗೆ ಬಡಿಸ್ಲಿಕ್ಕೆ, ನೀವೇ ಕೊಯ್ದು ಕೊಡಿ."

ಬಸ್ಸು ಸಿದ್ಧಕಟ್ಟೆ ದಾಟುವಾಗ ರಾಜೀವಿಯ ಫೋನು ಬಂತು. ಲೋಕನಾಥ ತೆಗೆಯಲಿಲ್ಲ. ಸ್ವರ ನನ್ನದೆಂದು ಗೊತ್ತಾಗಿದೆ, ಬೈಯಲಿಕ್ಕೆ ಮಾಡುತ್ತಿದ್ದಾಳೆ. ಮುಖ ನೋಡದೆ ಬೈಸಿಕೊಂಡರೆ ಏನು ಮಜಾ? ಎರಡನೆಯ ಸಲ ಬಂತು, ಮೂರನೆಯ ಸಲವೂ ಬಂತು. ಸೈಲೆಂಟಿಗೆ ಹಾಕಿದ. ಬಿ.ಸಿ. ರೋಡಿನಲ್ಲಿ ಇಳಿದರೆ ಹಳೆಯ ಗೆಳೆಯರು ಸಿಕ್ಕರು. ಅವರಿಗೂ ಮಮ್ಮುವಿನ ಸ್ವರದ ಒಂದೊಂದು ತುತ್ತು ಉಣಿಸಿದ. ಎರಡು ಚಾ, ಒಂದು ಪ್ಲೇಟು ಗೋಳಿಬಜೆ, ಮತ್ತೊಮ್ಮೆ ಮಮ್ಮು.

ಮನೆ ಮುಟ್ಟುವಾಗ ಏಳೂವರೆ. ಗೇಟಿನೆದುರು ಪೆಟ್ಟಿಗೆಗಳನ್ನು ತುಂಬಿಕೊಂಡ ಕಾರು ಸ್ಟಾರ್ಟ್ ಆಗಿಯೇ ನಿಂತಿತ್ತು. ಸ್ಟಿಯರಿಂಗಿನಲ್ಲಿ ಶಹಲಾಳ ಗಂಡ ಅನ್ಸಾಫ್, ಹಿಂದಿನ ಸೀಟಿನಲ್ಲಿ ಮಕ್ಕಳು. ಶಹಲಾ ಮೆಟ್ಟಿಲಲ್ಲಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು.

"ಸರ್, ಈಗ ಬಂದದ್ದಾ! ನಿಮ್ಮ ಟೀಚರ್ ಇಟಲಿ ತೋರಿಸ್ತೇನೆ ಅಂತ ಕರೆದು ತಿಳಿಸಾರು, ಆಮ್ಲೆಟ್ ಕೊಟ್ರು. ಕೋಳಿ ಅಡಿ ಹಿಡೀತಂತೆ."

ಬಾಗಿಲಲ್ಲಿ ನಿಂತಿದ್ದ ರಾಜೀವಿ ಒಣಗಿದ ಕೈಯನ್ನೇ ಸೆರಗಿನಿಂದ ಒರೆಸುತ್ತಿದ್ದಳು. ಶಹಲಾ ಲೋಕನಾಥನನ್ನು ದಾಟಿ ಹೋಗುವಾಗ ದನಿ ತಗ್ಗಿಸಿದಳು. "ಅಡಿ ಹಿಡಿದ ವಾಸನೆ ಮಾತ್ರ ಬರ್ಲಿಲ್ಲ ಸರ್. ಒಳ್ಳೆ ಪರಿಮಳವೇ ಬರ್ತಿತ್ತು. ಇರ್ಲಿ. ಮನಸ್ಸಿಲ್ಲದಿದ್ರೆ ಬಾಳೆಹಣ್ಣೇ ಸಾಕಿತ್ತು."

ಊರಿನ ಅರ್ಧ ಜನರ ಸ್ವರವನ್ನು ಗಂಟಲಲ್ಲಿಟ್ಟುಕೊಂಡವನಿಗೆ ಆ ಹೊತ್ತಿಗೆ ತನ್ನದೊಂದು ಸಿಗಲಿಲ್ಲ. "ಶಹಲಾ ಟೀಚರ್, ಅದು..." ಎನ್ನುವಷ್ಟರಲ್ಲಿ ಅನ್ಸಾಫ್ ಹಾರ್ನ್ ಹೊಡೆದ. "ಬೇಗ ಬಾ, ಏರ್‌ಪೋರ್ಟ್ ಮುಟ್ಲಿಕ್ಕೆ ಉಂಟು!" ಬಾಗಿಲು ಮುಚ್ಚಿತು. ಕಾರು ಹೆದ್ದಾರಿಯ ಕಡೆ ತಿರುಗಿ ಹೋಯಿತು.

ಒಳಗೆ ಬಾಣಲೆಯ ತುಂಬ ಕೋಳಿ ಹಾಗೆಯೇ ಇತ್ತು. ಚೀಸ್ ತಣಿದು ಬಿಗಿದುಕೊಂಡಿತ್ತು.

"ಮೂರು ಸಲ ಫೋನ್ ಮಾಡಿದೆ ಮಾರಾಯ್ರೆ," ಎಂದಳು ರಾಜೀವಿ. "ಬರುವಾಗ ಮಮ್ಮುವಿನ ಅಂಗಡಿಯಲ್ಲಿ ನಿಂತು, ಅವರ ಕೈಯಲ್ಲೇ ಇನ್ನೊಂದು ಕೊಯ್ಸಿ ತನ್ನಿ ಅನ್ಲಿಕ್ಕೆ."

"ಅವಳಿಗೆ ಇದ್ದದ್ದನ್ನು ಹೇಳ್ಬಹುದಿತ್ತಲ್ಲ?"

"ಹೇಗೆ ಹೇಳುದು? ಹಲಾಲ್ ತಪ್ಪಿತು ಅಂತ ಒಂದು ಮಾತು ಹೊರಗೆ ಬಿದ್ರೆ ಮಮ್ಮು ಅಂಗಡಿ ಮುಚ್ಚಿದ ಹಾಗೆಯೇ. ಪಾಪ, ತಾನಾಗಿ ಫೋನ್ ಮಾಡಿ ತಪ್ಪು ಒಪ್ಪಿಕೊಂಡ ಮನುಷ್ಯ. ಬೇರೆಯವರಾದ್ರೆ ಸುಮ್ಮನೆ ಕೂರ್ತಿದ್ರು. ನಾಳೆ ಹೋಗಿ ಅವರಿಗೊಂದು ಥ್ಯಾಂಕ್ಸ್ ಹೇಳ್ತೇನೆ."

"ಹೋಗ್ಬೇಡ."

"ಯಾಕೆ?"

"ಫೋನ್ ಮಾಡಿದ್ದು ಮಮ್ಮು ಅಲ್ಲ. ನಾನು."

ಲೋಕನಾಥ ತಲೆ ತಗ್ಗಿಸಿ ಬೈಗುಳಕ್ಕೆ ಕಾದ. ಬೈಗುಳ ಬರಲಿಲ್ಲ, ನಗು ಬಂತು. ಮೊದಲು ಮೂಗಿನಲ್ಲಿ, ಆಮೇಲೆ ಹೊಟ್ಟೆ ಹಿಡಿದುಕೊಂಡು, ಸ್ಟಾಫ್ ರೂಮಿನ ನಾಲ್ವರು ಸೇರಿದರೂ ಆಗದಷ್ಟು ಜೋರಾಗಿ. "ಒಂಚೂರೂ ಗೊತ್ತಾಗ್ಲಿಲ್ಲ ಮಾರಾಯ್ರೆ! ಆ ಕೆಮ್ಮು ಸಮೇತ!"

"ಈಗಲೇ ಅವಳಿಗೆ ಫೋನ್ ಮಾಡುವ. ನಾನೇ ಹೇಳ್ತೇನೆ."

"ಹೇಳಿ, ಹೇಳಿ! ನಾನು ಕೋಳಿ ಅಂಗಡಿಯವನ ಸ್ವರ ಮಾಡಿದೆ, ಅದಕ್ಕೇ ನಮ್ಮ ಮನೆಯಲ್ಲಿ ನಿಮ್ಗೆ ಕೋಳಿ ಬಡಿಸ್ಲಿಲ್ಲ ಅಂತ ಹೇಳಿ. ಅವಳ ಜಾಗದಲ್ಲಿ ನೀವಾದ್ರೆ ನಂಬ್ತಿದ್ರಾ?" ಅವಳ ನಗು ಇನ್ನೂ ಏರಿತು. ಕಣ್ಣಿನಿಂದ ನೀರು ಇಳಿಯುತ್ತಿತ್ತು, ನಗು ನಿಲ್ಲಲಿಲ್ಲ.

ಕಂಪೌಂಡಿನಾಚೆಯಿಂದ ನೆರೆಮನೆಯ ಶೇಷಪ್ಪ ಕೂಗಿ ಕೇಳಿದ: "ಎಂಥದು ಲೋಕನಾಥಣ್ಣ, ಭಾರೀ ನಗು! ಹೊಸ ಐಟಮಾ? ಸ್ವಲ್ಪ ಗಟ್ಟಿ ಹೇಳಿ, ನಮಗೂ ಕೇಳ್ಲಿ!"