ಬರಿಗೈ ಕೀಪರ್

ಗಂಡನ ದಿನಕರ್ಮಗಳು ಮುಗಿದು, ನೆಂಟರೆಲ್ಲ ಹೊರಟುಹೋದ ಮಾರನೆಯ ಬೆಳಿಗ್ಗೆ ಅವಳು ಹಾಲು ತರಲು ಹೊರಬಿದ್ದಳು. ಚಹದಂಗಡಿಯಲ್ಲಿ ಗಂಡನ ಗೆಳೆಯರು ಹಿಂದಿನ ಸಂಜೆಯ ಫುಟ್‌ಬಾಲ್ ಆಟವನ್ನು ಜಾಲಾಡುತ್ತಿದ್ದರು. ಲೀಗಿಗೆ ಮುಂಚಿನ ಸೌಹಾರ್ದ ಪಂದ್ಯ. ಸೋತರೂ ಏನೂ ಕಳೆದುಹೋಗದಂಥದ್ದು.

“ನಮ್ಮ ಮುಂದ ಆಡಾವ್ರೆಲ್ಲಾ ಛಲೋ ಆಡಿದ್ರಪಾ. ಕೆಡಿಸಿದಾಂವ ನಮ್ಮ ಸದೂ.”

“ಗೋಲ್‌ಕೀಪರ್ ಆಗಿ ಬರಿಗೈಲೆ ನಿಂತಾನಲ್ಲೋ! ಬಂದ ಚೆಂಡೆಲ್ಲಾ ಕೈಯಾಗಿಂದ ಜಾರಿದ್ವು.”

“ಕೇಳಿದ್ರ ಗ್ಲೌಸ್ ಮರತೆ ಅಂತಾನ. ಲೀಗಿನ್ಯಾಗ ಚಡ್ಡಿ ಮರತು ಬರ್ತಾನ ನೋಡ್ರಿ!”

ಎಲ್ಲರೂ ನಕ್ಕರು. ಮೂಲೆಯಲ್ಲಿ ಸದೂ ತಲೆ ತಗ್ಗಿಸಿ ಚಹ ಕುಡಿಯುತ್ತಿದ್ದ. ಅವಳು ಅತ್ತ ನೋಡದೆ ಹಾಲು ಕೊಂಡು ನಡೆದಳು. ಮೊನ್ನೆ ಮೊನ್ನೆ ಅವನ ಹೆಣ ಹೊತ್ತ ಹೆಗಲುಗಳು ಇವೇ. ತಮ್ಮ ನಡುವೆ ಒಬ್ಬನಿಲ್ಲ ಎಂಬುದು ಇಷ್ಟು ಬೇಗ ಮರೆತುಹೋಯಿತೇ? ದಿನವೂ ಮನೆಗೆ ಬಂದು ನೀರು ತುಂಬಿ, ನೆಂಟರಿಗೆ ಬಡಿಸಿದ ಸದೂ ಕೂಡ ಆಟಕ್ಕೆ ಹೋದನೇ?

ಮನೆಗೆ ಬಂದು ಹಾಲನ್ನು ಒಲೆಯ ಮೇಲಿಡಲು ಹೋದವಳು ಹಾಗೇ ನಿಂತುಬಿಟ್ಟಳು. ಸ್ವಲ್ಪ ಹೊತ್ತಿಗೆ ಮತ್ತೆ ಚಹದಂಗಡಿಗೆ ಬಂದು, ಸದೂನ ಮುಂದೆ ಒಂದು ಜೊತೆ ಗ್ಲೌಸ್ ಇಟ್ಟಳು. ನಗು ನಿಂತಿತು.

“ನಮ್ಮನಿಯವ್ರು ನಿನ್ನ ಕಡೆಯಿಂದ ಇಸಕೊಂಡು ಬಂದಿದ್ರು. ದಿನಾ ಮನಿಗೆ ಬರ್ತಿದ್ದಿ, ಒಂದು ಮಾತು ಕೇಳಬಾರದಾಗಿತ್ತೇನು?”

ಸದೂ ಊದಿದ ಬೆರಳುಗಳನ್ನು ಮೇಜಿನ ಕೆಳಗೆ ಎಳೆದುಕೊಂಡ.

“ಅಣ್ಣನ ಅಂಗಿ ಮ್ಯಾಲ ತೂಗಾಡ್ತಿದ್ವು, ವೈನಿ. ನೀವು ಆ ಅಂಗಿ ಇನ್ನೂ ಮೊಳಿಯಿಂದ ತೆಗೆದಿದ್ದಿಲ್ಲ.”