ನಗುವ ಮುಖ

ಕೂಸು ಕಿಲಕಿಲ ನಕ್ಕಿತು. ಹೊಸ್ತಿಲು ದಾಟಿ ಅಂಗಳಕ್ಕಿಳಿದ ಗಾಯತ್ರಿ ಹಾವು ತುಳಿದವಳಂತೆ ನಿಂತುಬಿಟ್ಟಳು. ಐದು ತಿಂಗಳಾದರೂ ಕೂಸು ಒಮ್ಮೆಯೂ ನಕ್ಕಿಲ್ಲವೆಂದೇ ಅವಳೂ ಅತ್ತೆ ಹೊನ್ನೂರಮ್ಮನೂ ಹೊಸಪೇಟೆಯ ಆಸ್ಪತ್ರೆಗೆ ಹೊರಟಿದ್ದು.

"ಅತ್ತೀ, ನೀವು ನಗಿಸಿದ್ರೇನು?"

"ನಾನ್ಯಾಕ ನಗಿಸ್ಲಿ? ಬೀಗ ಹಾಕಾಕತ್ತೀನಿ," ಎಂದಳು ಹೊನ್ನೂರಮ್ಮ.

ಗಾಯತ್ರಿಯ ಮೊದಲ ಕೂಸು ಜ್ವರ ಬಂದು ತೀರಿಹೋದಾಗ ಕಮಲಾಪುರದ ಆ ಓಣಿಯೆಲ್ಲ ಆಡಿಕೊಂಡಿದ್ದು ಒಂದೇ ಮಾತು: ತಾಯಿ ದೃಷ್ಟಿ ತಾಗಿತು. ಅದನ್ನು ನೋಡಿ ನೋಡಿ ಅವಳು ನಕ್ಕಿದ್ದೇನು ಕಡಿಮೆಯೇ? ಇದು ಹುಟ್ಟಿದ ದಿನ ಅತ್ತೆ ಕೈಹಿಡಿದು ಬೇಡಿಕೊಂಡಿದ್ದಳು. "ಹಾಲು ಕುಡಿಸು, ಎರಿ, ಮಲಗಿಸು. ಕೂಸಿನ ಮಾರಿ ನೋಡಿ ಮಾತ್ರ ನಗಬ್ಯಾಡ ನಮ್ಮವ್ವ."

ಗಾಯತ್ರಿ ಚಾಚೂ ತಪ್ಪಲಿಲ್ಲ. ಹಾಲು ಕುಡಿಯುತ್ತ ಅದು ಕಣ್ಣಿಟ್ಟು ನೋಡಿದಾಗಲೆಲ್ಲ ತುಟಿ ಕಚ್ಚಿ ಗೋಡೆಯ ಕಡೆ ತಿರುಗುತ್ತಿದ್ದಳು. ಅತ್ತೆಯೂ ಮುಖ ಬಿಗಿದೇ ಎತ್ತಿಕೊಳ್ಳುತ್ತಿದ್ದಳು. ಈಚೆಗೆ ಕೂಸು ಅವರತ್ತ ನೋಡುವುದನ್ನೇ ಬಿಟ್ಟಿತ್ತು. ಕಣ್ಣು ಕಾಣದೋ, ತಲೆಯಲ್ಲೇ ಏನಾದರೂ ಊನವೋ ಎಂದು ಗಾಯತ್ರಿಗೆ ದಿಗಿಲು ಹತ್ತಿತ್ತು.

ಹೆಗಲ ಮೇಲಿನ ಕೂಸು ಮತ್ತೆ ನಕ್ಕಿತು. ಅದರ ನೋಟದ ಜಾಡು ಹಿಡಿದು ಅವಳು ತಿರುಗಿದಳು. ಪಕ್ಕದಲ್ಲಿ ಕಟ್ಟುತ್ತಿದ್ದ ಮನೆಗೆ ನಿನ್ನೆಯಷ್ಟೇ ದೃಷ್ಟಿಗೊಂಬೆ ನೇತುಹಾಕಿದ್ದರು. ಗುಡ್ಡೆಗಣ್ಣು, ಹುರಿಮೀಸೆ, ಚಾಚಿದ ಕೆಂಪು ನಾಲಿಗೆ, ಬಾಯಿ ತುಂಬ ಹಲ್ಲು. ಗಾಳಿಗೆ ಅದು ತೂಗಿದಾಗಲೆಲ್ಲ ಕೂಸು ಕೈಕಾಲು ಬಡಿಯುತ್ತಿತ್ತು.

ಅಬ್ಬಾ, ಕಣ್ಣು ಕಾಣುತ್ತದೆ, ನಗುವೂ ಬರುತ್ತದೆ ಎಂದು ಜೀವಕ್ಕೆ ಜೀವ ಬಂತು. ಮರುಗಳಿಗೆಯೇ ಅವಳು ಅತ್ತೆಯತ್ತ ತಿರುಗಿದಳು.

"ಅತ್ತೀ, ನಗೋ ಮಾರಿ ಅಂತ ಇದಕ್ಕ ಸಿಕ್ಕಿದ್ದು ಅದೊಂದೇ ನೋಡ್ರಿ."

ಹೊನ್ನೂರಮ್ಮ ಗೊಂಬೆಯನ್ನು ನೋಡಿದಳು, ಸೊಸೆಯನ್ನು ನೋಡಿದಳು.

ಗಾಯತ್ರಿ ಕೂಸನ್ನು ತನ್ನತ್ತ ತಿರುಗಿಸಿಕೊಂಡಳು. ಆದದ್ದಾಗಲಿ ಎಂದು ಮುಖ ತುಂಬ ನಕ್ಕಳು.

ಕೂಸು ಪಿಳಿಪಿಳಿ ನೋಡಿತು. ತುಟಿ ಸೊಟ್ಟಗೆ ಮಾಡಿತು. ಗುರುತಿಲ್ಲದವರು ಯಾರೋ ಎತ್ತಿಕೊಂಡಂತೆ ಕಿಟಾರನೆ ಕಿರುಚಿ ಗೊಂಬೆಯ ಕಡೆಗೆ ವಾಲಿತು.

ಗಾಯತ್ರಿಯ ನಗು ಆರಿಹೋಯಿತು. ಹೊನ್ನೂರಮ್ಮ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿ ಹತ್ತಿರ ಬಂದು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ನಿಲ್ಲಿಸಬ್ಯಾಡವ್ವ," ಎಂದಳು. "ಗುರುತು ಹತ್ತೋ ತನಕ ನಗು."